ಹಳೆಯ ಕಾರುಗಳನ್ನು ತಿರುಗಿ ನೋಡದ ಎಂಜೊ ಫೆರಾರಿ

ಚನ್ನಗಿರಿ ಸೀಮೆಯಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಮನೆಯಂಗಳಕ್ಕೆ ಹೊಸ ಕಾರು ಬರುತ್ತದೆ. ಮಳೆ ಕೈಕೊಟ್ಟ ವರ್ಷ ಜಗಳೂರಿನ ರೈತ ಇದ್ದ ಟ್ರ್ಯಾಕ್ಟರನ್ನು ಮಾರಲು ಹೊರಡುತ್ತಾನೆ. ಕೊಳ್ಳುವವನಿಗೂ ಮಾರುವವನಿಗೂ ಇರುವ ಪ್ರಶ್ನೆ ಒಂದೇ. ನಾಲ್ಕು ವರ್ಷ ಓಡಿದ ಗಾಡಿಗೆ ಎಷ್ಟು ಹುಟ್ಟೀತು? ಷೋರೂಮಿನ ಬಾಗಿಲು ದಾಟಿದ ಕ್ಷಣದಿಂದಲೇ ವಾಹನದ ಬೆಲೆ ಇಳಿಯತೊಡಗುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಐಷಾರಾಮಿ ಕಾರುಗಳಲ್ಲಿ ಈ ಇಳಿತ ಇನ್ನಷ್ಟು ಕಡಿದು.

ಅಪವಾದವೂ ಉಂಟು, ಹೊನ್ನಾಳಿ ಮತ್ತು ನ್ಯಾಮತಿ ತಾಲ್ಲೂಕುಗಳ ಜನರಿಗೆ ಅದನ್ನು ವಿವರಿಸಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗಳಲ್ಲಿ ಕೊರಳಿನ ಕೊಬ್ಬರಿ ಹಾರವನ್ನು ಯಾರ ಕೈಗೂ ಕೊಡದೆ ಅಖಾಡ ದಾಟಿದ ಹೋರಿಗೆ ಉಳುಮೆಯ ಎತ್ತಿನ ಲೆಕ್ಕದಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. ಅದು ಯಾವ ಯಾವ ಊರಿನಲ್ಲಿ ಓಡಿತ್ತು, ಯಾರ ಕೊಟ್ಟಿಗೆಯಲ್ಲಿ ಬೆಳೆದಿತ್ತು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

ಕಾರುಗಳ ಲೋಕದಲ್ಲಿ ಅಂಥ ಹೋರಿಗಳನ್ನು ಕಟ್ಟಿದವನು ಇಟಲಿಯ ಎಂಜೊ ಫೆರಾರಿ. 1962ರಲ್ಲಿ ಆತನ ಕಾರ್ಖಾನೆಯಲ್ಲಿ ತಯಾರಾದ 250 ಜಿಟಿಒ ಮಾದರಿಯ ಒಂದು ಕಾರು 2023ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5.17 ಕೋಟಿ ಡಾಲರಿಗೆ, ಅಂದರೆ ಸುಮಾರು 430 ಕೋಟಿ ರೂಪಾಯಿಗೆ ಮಾರಾಟವಾಯಿತು. ಆ ತನಕ ಹರಾಜಾದ ಯಾವ ಫೆರಾರಿ ಕಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. ವಿಚಿತ್ರವೆಂದರೆ, ಹಳೆಯ ಕಾರುಗಳ ಬಗ್ಗೆ ಇಷ್ಟೂ ಆಸಕ್ತಿ ಇಲ್ಲದಿದ್ದ ತಯಾರಕ ಆತನೇ. ಓಟ ಮುಗಿಸಿದ ಕಾರು ಆತನ ಪಾಲಿಗೆ ಬಿಡಿಭಾಗಗಳ ರಾಶಿ, ಇಲ್ಲವೇ ಮಾರಿ ಹಣ ಮಾಡಿಕೊಳ್ಳಬೇಕಾದ ಸರಕು.

ಎಂಜೊ ಹುಟ್ಟಿದ್ದು 1898ರ ಫೆಬ್ರವರಿ 18ರಂದು, ಉತ್ತರ ಇಟಲಿಯ ಮೊದೆನಾ ಪಟ್ಟಣದಲ್ಲಿ. ಭಾರಿ ಹಿಮಪಾತದಿಂದ ಜನನ ನೋಂದಣಿ ಎರಡು ದಿನ ತಡವಾಯಿತು. ತಂದೆ ಅಲ್ಫ್ರೆಡೊ ಸಣ್ಣದೊಂದು ಲೋಹದ ಕಾರ್ಯಾಗಾರ ನಡೆಸುತ್ತಿದ್ದ, ರೈಲ್ವೆಗೂ ಸರಕು ಪೂರೈಸುತ್ತಿದ್ದ. ಹತ್ತನೆಯ ವಯಸ್ಸಿನಲ್ಲಿ ತಂದೆಯ ಜೊತೆ ಬೊಲೋನ್ಯಾಕ್ಕೆ ಹೋಗಿ ಕಾರು ಓಟ ನೋಡಿದ ಹುಡುಗನ ತಲೆಯಿಂದ ಅದು ಮತ್ತೆ ಇಳಿಯಲಿಲ್ಲ. 1916 ಮನೆಯನ್ನು ಒಡೆದ ವರ್ಷ. ತಂದೆ ತೀರಿಕೊಂಡ, ಅದೇ ವರ್ಷ ಅಣ್ಣನೂ ತೀರಿಕೊಂಡ, ಕಾರ್ಯಾಗಾರ ಮುಚ್ಚಿತು. ಮೊದಲ ಮಹಾಯುದ್ಧದಲ್ಲಿ ಎಂಜೊಗೆ ಸೇನೆ ಕೊಟ್ಟ ಕೆಲಸ ಹೇಸರಗತ್ತೆಗಳಿಗೆ ಲಾಳ ಹೊಡೆಯುವುದು. ಕಾಯಿಲೆ ಬಿದ್ದು ಹೇಗೋ ಬದುಕಿ ಹೊರಬಂದ.

ಯುದ್ಧ ಮುಗಿದ ಚಳಿಗಾಲದಲ್ಲಿ ಕೆಲಸ ಕೇಳಿಕೊಂಡು ತೂರಿನ್ ನಗರದ ಫಿಯಟ್ ಕಂಪನಿಗೆ ಹೋದ. ಕೆಲಸ ಸಿಗಲಿಲ್ಲ. ವಾಲೆಂಟಿನೊ ಉದ್ಯಾನದ ಬೆಂಚಿನ ಮೇಲೆ ಕುಳಿತು ಅತ್ತ ಸಂಗತಿಯನ್ನು ಮುಂದೆ ಆತನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೇ ಫಿಯಟ್ 1969ರಲ್ಲಿ ಆತನ ಕಂಪನಿಯ ಅರ್ಧ ಪಾಲು ಕೊಳ್ಳಲು ಹಣದ ಚೀಲ ಹಿಡಿದು ಬರಬೇಕಾಯಿತು. ಆ ಕಥೆಗೆ ಇನ್ನೂ ದಾರಿ ಇದೆ.

ಬೇರೊಂದು ಸಣ್ಣ ಕಂಪನಿಯಲ್ಲಿ ಕಾರು ಪರೀಕ್ಷಿಸುವ ಚಾಲಕನಾಗಿ ಸೇರಿದ ಎಂಜೊ 1919ರಿಂದ ಸ್ಪರ್ಧೆಗಳಲ್ಲಿ ಓಡಿಸತೊಡಗಿದ, ಮರುವರ್ಷ ಆಲ್ಫಾ ರೋಮಿಯೊ ಸೇರಿದ. ಒಳ್ಳೆಯ ಚಾಲಕನೇ, ಅಸಾಮಾನ್ಯ ಚಾಲಕನಲ್ಲ. 1923ರಲ್ಲಿ ರವೆನ್ನಾ ಬಳಿಯ ಓಟ ಗೆದ್ದಾಗ, ಯುದ್ಧದಲ್ಲಿ ಮಡಿದ ವೈಮಾನಿಕ ಫ್ರಾಂಚೆಸ್ಕೊ ಬರಾಕಾನ ತಂದೆಯ ಪರಿಚಯವಾಯಿತು. ಮುಂದೆ ಆ ವೀರನ ತಾಯಿ ಮಗನ ವಿಮಾನದ ಮೇಲಿದ್ದ ಕುಣಿಯುವ ಕಪ್ಪು ಕುದುರೆಯ ಚಿತ್ರವನ್ನು ಬಳಸಿಕೊಳ್ಳುವಂತೆ ಆತನಿಗೆ ಸೂಚಿಸಿದಳು. ಇಂದು ಜಗತ್ತಿನ ಮೂಲೆ ಮೂಲೆಯ ಮಕ್ಕಳು ಗುರುತಿಸುವ ಫೆರಾರಿ ಲಾಂಛನ ಅದೇ. 1929ರಲ್ಲಿ ಮೊದೆನಾದಲ್ಲಿ ಸ್ಕುದೇರಿಯ ಫೆರಾರಿ ಎಂಬ ತಂಡ ಕಟ್ಟಿ ಆಲ್ಫಾ ಕಾರುಗಳನ್ನು ಓಟಕ್ಕೆ ಇಳಿಸಿದ. 1932ರಲ್ಲಿ ಮಗ ಡಿನೊ ಹುಟ್ಟಿದ ಬಳಿಕ ಸ್ವತಃ ಸ್ಪರ್ಧಿಸುವ ಮಾತು ಮುಗಿಯಿತು.

1939ರಲ್ಲಿ ಆಲ್ಫಾದೊಡನೆ ಮನಸ್ತಾಪವಾಗಿ ಹೊರಬಂದಾಗ ಒಪ್ಪಂದದಲ್ಲಿ ಒಂದು ಷರತ್ತು ಇತ್ತು. ನಾಲ್ಕು ವರ್ಷ ಕಾರು ಓಟದಲ್ಲಿ ಫೆರಾರಿ ಎಂಬ ಹೆಸರನ್ನು ಬಳಸುವಂತಿಲ್ಲ. ಹೀಗಾಗಿ 1940ರಲ್ಲಿ ಆತ ತಯಾರಿಸಿದ ಮೊದಲ ಕಾರಿಗೆ ಸ್ವಂತ ಹೆಸರೇ ಇರಲಿಲ್ಲ. ಹೆಸರಿಗೆ ಎಷ್ಟು ತೂಕವಿದೆ ಎಂಬುದು ಆತನಿಗೆ ಆಗಲೇ ಮನವರಿಕೆಯಾಗಿರಬೇಕು. 1943ರಲ್ಲಿ ಕಾರ್ಖಾನೆ ಮೊದೆನಾದಿಂದ ಹತ್ತಿರದ ಮರನೆಲ್ಲೊ ಹಳ್ಳಿಗೆ ಹೋಯಿತು. ಎರಡನೆಯ ಮಹಾಯುದ್ಧದ ಬಾಂಬುಗಳು ಅದನ್ನೂ ಬಿಡಲಿಲ್ಲ. ಕೊನೆಗೆ 1947ರ ಮೇ ತಿಂಗಳಲ್ಲಿ ಪಿಯಾಚೆಂಜಾದಲ್ಲಿ ಫೆರಾರಿ ಹೆಸರಿನ ಮೊದಲ ಕಾರು 125 ಎಸ್ ಕಣಕ್ಕಿಳಿಯಿತು. ಮುಂದಿದ್ದಾಗಲೇ ಇಂಧನ ಪಂಪು ಕೈಕೊಟ್ಟು ನಿಂತುಹೋಯಿತು. ಎರಡೇ ವಾರದಲ್ಲಿ ರೋಮಿನಲ್ಲಿ ಗೆದ್ದಿತು.

ಓಟಕ್ಕೆ ಹಣ ಬೇಕು. ಆ ಹಣಕ್ಕಾಗಿ ಎಂಜೊ ಗ್ರ್ಯಾಂಡ್ ಟೂರಿಂಗ್ ಕಾರುಗಳನ್ನು ಮಾರತೊಡಗಿದ. ಇಟಲಿಯವರು ಗ್ರಾನ್ ತುರಿಸ್ಮೊ ಎನ್ನುವ ಇದು ಓಟದ ಕಾರಲ್ಲ, ಕುಟುಂಬದ ಕಾರೂ ಅಲ್ಲ. ಇಬ್ಬರು ತಮ್ಮ ಪೆಟ್ಟಿಗೆಗಳೊಡನೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಭಾರಿ ವೇಗದಲ್ಲಿ, ಆಯಾಸವಿಲ್ಲದೆ ಹೋಗಲೆಂದು ಕಟ್ಟಿದ್ದು. 1948ರಿಂದ ಬಂದ 166 ಇಂಟರ್ ಇಂಥ ಮೊದಲ ಫೆರಾರಿ, ತಯಾರಾದವು 40ಕ್ಕೂ ಕಡಿಮೆ. ಬೇರೆ ಕಂಪನಿಗಳು ಕಾರು ಮಾರಲೆಂದು ಓಟಕ್ಕೆ ಇಳಿಯುತ್ತಿದ್ದರೆ ಈತ ಓಟಕ್ಕೆ ಇಳಿಯಲೆಂದು ಕಾರು ಮಾರುತ್ತಿದ್ದ. ಗಿರಾಕಿಗಳನ್ನು ಮರನೆಲ್ಲೊದಲ್ಲಿ ಕಾಯಿಸುವುದು ಆತನ ಅಭ್ಯಾಸವಾಗಿತ್ತು. ಪೇಟೆ ಕೇಳುವುದಕ್ಕಿಂತ ಒಂದು ಕಾರು ಕಡಿಮೆಯೇ ತಯಾರಿಸಬೇಕೆಂಬ ನೀತಿಯನ್ನೂ ಆತನ ಹೆಸರಿಗೆ ಹಚ್ಚಲಾಗಿದೆ. ಆಡಿದ್ದನೋ ಇಲ್ಲವೋ, ನಡೆದುಕೊಂಡದ್ದಂತೂ ಹಾಗೆಯೇ.

ಗೆಲುವುಗಳೂ ಬಂದವು. 1949ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ಓಟವನ್ನು ಫೆರಾರಿ ಗೆದ್ದಿತು. ಆ ಕಾರನ್ನು ಬಹುಪಾಲು ಒಬ್ಬನೇ ಓಡಿಸಿದ ಲೂಯಿಜಿ ಕಿನೆಟ್ಟಿ ಮುಂದೆ ಅಮೆರಿಕದಲ್ಲಿ ಫೆರಾರಿಯ ಮಾರಾಟಗಾರನಾದ. ಅಮೆರಿಕದ ಶ್ರೀಮಂತರಿಗೆ ಈ ಕಾರಿನ ಹುಚ್ಚು ಹಿಡಿಸಿದ್ದರಲ್ಲಿ ಆತನ ಪಾಲು ದೊಡ್ಡದು. ಬಂದದ್ದು ಗೆಲುವು ಮಾತ್ರವಲ್ಲ. 1955ರಲ್ಲಿ ಅಸ್ಕಾರಿ, 1957ರ ಮಾರ್ಚಿನಲ್ಲಿ ಕಾಸ್ತೆಲೊಟ್ಟಿ, 1958ರಲ್ಲಿ ಮೂಸೊ ಮತ್ತು ಕಾಲಿನ್ಸ್, 1961ರಲ್ಲಿ ಫಾನ್ ಟ್ರಿಪ್ಸ್. ಎಲ್ಲರೂ ಫೆರಾರಿ ಕಾರಿನಲ್ಲೇ ಸತ್ತರು. 1957ರ ಮೇ 12ರಂದು, ಇಟಲಿಯ ಊರೂರುಗಳ ನಡುವೆ ಸಾರ್ವಜನಿಕ ರಸ್ತೆಯಲ್ಲಿ ನಡೆಯುತ್ತಿದ್ದ ಮಿಲ್ಲೆ ಮಿಲ್ಯಾ ಓಟದಲ್ಲಿ ದೆ ಪೊರ್ತಾಗೊ ಓಡಿಸುತ್ತಿದ್ದ ಕಾರು ಗುಯಿದಿಜ್ಜೊಲೊ ಬಳಿ ಜನರ ಮೇಲೆ ನುಗ್ಗಿತು. ಚಾಲಕ, ಸಹಚಾಲಕ ಹಾಗೂ ಐವರು ಮಕ್ಕಳೂ ಸೇರಿ ಒಂಬತ್ತು ಪ್ರೇಕ್ಷಕರು ಸತ್ತರು. ಎಂಜೊ ಮೇಲೆ ಮೊಕದ್ದಮೆ ಹೂಡಲಾಯಿತು. 1961ರಲ್ಲಿ ದೋಷಮುಕ್ತನಾದ.

ಅದೇ ದಿನ, ಅದೇ ಓಟದಲ್ಲಿ ಫಾನ್ ಟ್ರಿಪ್ಸ್ ಓಡಿಸಿದ ಇನ್ನೊಂದು 335 ಎಸ್ ಕಾರು 2016ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 3.2 ಕೋಟಿ ಯೂರೊ ತಂದುಕೊಟ್ಟಿತು. ಹರಾಜು ಸಂಸ್ಥೆಗಳ ಭಾಷೆಯಲ್ಲಿ ಇದಕ್ಕೆ ಕಾರಿನ ಇತಿಹಾಸ ಎನ್ನುತ್ತಾರೆ. ಹೊನ್ನಾಳಿಯ ಹೋರಿಗೂ ಇತಿಹಾಸವಿರುತ್ತದೆ, ಅಖಾಡದಲ್ಲಿ ಆಗುವ ಸಾವುನೋವುಗಳ ಲೆಕ್ಕವೂ ಊರಿನವರ ಮನಸ್ಸಿನಲ್ಲಿರುತ್ತದೆ. ಆದರೆ ಇಷ್ಟು ಸಾವುಗಳು ಸುತ್ತಿಕೊಂಡ ಸರಕು ಇಷ್ಟು ದುಬಾರಿಯಾಗುವುದನ್ನು ನೋಡಿದಾಗ, ಕೊಳ್ಳುವವರು ನಿಜಕ್ಕೂ ಏನನ್ನು ಕೊಳ್ಳುತ್ತಿದ್ದಾರೆ ಎಂಬ ಸಂಶಯ ಬಾರದೆ ಇರದು.

ಎಂಜೊನ ಎದೆಗೆ ತಗುಲಿದ ದೊಡ್ಡ ಪೆಟ್ಟು ಓಟದ್ದಲ್ಲ. ಸ್ನಾಯುಕ್ಷಯದಿಂದ ನರಳುತ್ತಿದ್ದ ಮಗ ಡಿನೊ 1956ರ ಜೂನ್ 30ರಂದು, 24ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಬಳಿಕ ತಂದೆ ಮಗನ ಸಮಾಧಿಗೆ ಹೋಗುವುದನ್ನು ನಿತ್ಯದ ರೂಢಿ ಮಾಡಿಕೊಂಡ. ಕಪ್ಪು ಕನ್ನಡಕ ಮುಖದ ಭಾಗವೇ ಆಯಿತು. ಓಟ ನೋಡಲು ಹೋಗುವುದನ್ನು ಕ್ರಮೇಣ ನಿಲ್ಲಿಸಿ, ಮರನೆಲ್ಲೊದ ಕೋಣೆಯಲ್ಲೇ ಕುಳಿತು ವರದಿ ಕೇಳತೊಡಗಿದ. ಮದುವೆಯಾಚೆಗಿನ ಸಂಬಂಧದಲ್ಲಿ 1945ರಲ್ಲಿ ಹುಟ್ಟಿದ ಇನ್ನೊಬ್ಬ ಮಗ ಪಿಯೆರೊನನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1978ರಲ್ಲಿ ಹೆಂಡತಿ ಲಾರಾ ತೀರಿಕೊಂಡ ಮೇಲೆಯೇ.

ಈಗ ಆ 250 ಜಿಟಿಒ ಕಥೆಗೆ ಬರಬಹುದು. 1953ರಿಂದ ಬೆಳೆದು ಬಂದ 250 ಸರಣಿಯ ಗ್ರ್ಯಾಂಡ್ ಟೂರಿಂಗ್ ಕಾರುಗಳ ತುದಿ ಇದು. 250 ಎಂಬುದು ಹನ್ನೆರಡು ಸಿಲಿಂಡರುಗಳಲ್ಲಿ ಒಂದೊಂದರ ಅಂದಾಜು ಗಾತ್ರ. ಕೊನೆಯ ಒ ಅಕ್ಷರ ಒಮೊಲೊಗಾತೊ ಎಂಬ ಇಟಾಲಿಯನ್ ಪದದ್ದು, ಅಂದರೆ ಸ್ಪರ್ಧೆಗೆ ಮಾನ್ಯತೆ ಪಡೆದದ್ದು. ಈ ಮಾನ್ಯತೆಯಲ್ಲೇ ಮುಂದಿನ ಕೋಟಿಗಳ ಬೀಜವಿದೆ. ನಿಯಮದ ಪ್ರಕಾರ ಒಂದು ಮಾದರಿಯ ನೂರು ಕಾರುಗಳು ತಯಾರಾದರೆ ಮಾತ್ರ ಅದನ್ನು ಗ್ರ್ಯಾಂಡ್ ಟೂರಿಂಗ್ ವಿಭಾಗದಲ್ಲಿ ಓಡಿಸಬಹುದಿತ್ತು. ಎಂಜೊ ಇದನ್ನು ಹೊಸ ಮಾದರಿಯೆಂದು ತೋರಿಸಲೇ ಇಲ್ಲ, ಹಿಂದಿನ 250 ಜಿಟಿ ಕಾರಿನ ಮುಂದುವರಿಕೆ ಎಂದು ಒಪ್ಪಿಸಿದ. ನೂರು ಆಗಬೇಕಾದಲ್ಲಿ 36 ಮಾತ್ರ ಆದವು. ಮೂರು ಲೀಟರಿಗಿಂತ ದೊಡ್ಡ ಎಂಜಿನ್ ಇದ್ದ ಮೂರನ್ನೂ ಸೇರಿಸಿಕೊಂಡರೆ 39. ಕಾಗದದ ಮೇಲಿನ ಒಂದು ಜಾಣತನ ಮುಂದೆ ಅಪರೂಪ ಎಂಬ ಬಿರುದಾಯಿತು.

ಕಾರಿನ ಆರಂಭದ ವಿನ್ಯಾಸ ಜಿಯೊತ್ತೊ ಬಿಜ್ಜಾರಿನಿ ಎಂಬ ಎಂಜಿನಿಯರನದು. 1961ರ ಕೊನೆಯಲ್ಲಿ ಜಗಳವಾಗಿ ಆತನೂ ಸೇರಿ ಹಲವು ಪ್ರಮುಖರು ಕಂಪನಿ ತೊರೆದರು. ಇಪ್ಪತ್ತರ ಹರೆಯದಲ್ಲಿದ್ದ ಮೌರೊ ಫೋರ್ಗಿಯೆರಿ ಕೆಲಸ ಪೂರ್ತಿ ಮಾಡಿದ. ಮೊದೆನಾದ ಸ್ಕಾಲಿಯೆಟ್ಟಿ ಕಾರ್ಯಾಗಾರದಲ್ಲಿ ಅಲ್ಯೂಮಿನಿಯಂ ತಗಡನ್ನು ಕೈಯಿಂದ ಬಡಿದು ಮೈ ಕಟ್ಟಲಾಯಿತು, ಹಾಗಾಗಿ ಒಂದು ಇನ್ನೊಂದರಂತಿಲ್ಲ. 1962, 1963, 1964 ಮೂರೂ ವರ್ಷ ತನ್ನ ವಿಭಾಗದ ವಿಶ್ವ ಪ್ರಶಸ್ತಿ ಇದರದೇ. ಅಮೆರಿಕದಲ್ಲಿ ಬೆಲೆ 18,000 ಡಾಲರು, ಅಂದಿನ ವಿನಿಮಯ ದರದಲ್ಲಿ ಸುಮಾರು 86 ಸಾವಿರ ರೂಪಾಯಿ.

ಮೂರು ವರ್ಷ ಗೆದ್ದ ಕಾರಿನ ಮರುಮಾರಾಟದ ಬೆಲೆ ಏನಾಯಿತು? ಬಿದ್ದುಹೋಯಿತು. ಎಂಜಿನನ್ನು ಚಾಲಕನ ಹಿಂದೆ ಇರಿಸಿದ ಹೊಸ ಬಗೆಯ ಕಾರುಗಳು ಬಂದ ಮೇಲೆ ಜಿಟಿಒ ಗೆಲ್ಲದ ಓಟದ ಕಾರಾಯಿತು. ಗದ್ದಲ ಮಾಡುವ, ಒಳಗೆ ಬೇಯಿಸುವ ಅದನ್ನು ದಿನಬಳಕೆಗೆ ಕೊಳ್ಳುವವರಾದರೂ ಯಾರು? ಒಂದು ಜಿಟಿಒ ಟೆಕ್ಸಾಸ್ ರಾಜ್ಯದ ವಿಕ್ಟೋರಿಯಾ ಎಂಬ ಊರಿನ ಹೈಸ್ಕೂಲಿಗೆ ದಾನವಾಗಿ ಹೋಯಿತು. 1972ರಲ್ಲಿ ಶಾಲೆ ಅದನ್ನು ಸುಮಾರು 6,500 ಡಾಲರಿಗೆ ಮಾರಿತು. ಹೊಸದರ ಬೆಲೆಯ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಹತ್ತು ವರ್ಷದ ಹಳೆಯ ಯಾವುದೇ ಕಾರಿನ ಹಣೆಬರಹ ಇದೇ ಅಲ್ಲವೇ. ಆಗ ಅದನ್ನು ಹೂಡಿಕೆ ಎಂದವನಿದ್ದರೆ ಜನ ನಕ್ಕಿರುತ್ತಿದ್ದರು.

ಅತ್ತ ಮರನೆಲ್ಲೊದಲ್ಲಿ ಹಣದ ಸಂಕಟ. 1963ರಲ್ಲಿ ಅಮೆರಿಕದ ಫೋರ್ಡ್ ಕಂಪನಿಗೆ ಮಾರಾಟದ ಮಾತುಕತೆ ಕೊನೆಯ ಗಳಿಗೆಯಲ್ಲಿ ಮುರಿಯಿತು. ಓಟದ ತಂಡದ ಮೇಲಿನ ಹಿಡಿತ ಬಿಡಲು ಎಂಜೊ ಒಪ್ಪಲಿಲ್ಲ. ಸಿಟ್ಟಿಗೆದ್ದ ಫೋರ್ಡ್ 1966ರಲ್ಲಿ ಲೆ ಮಾನ್ ಗೆದ್ದು ಸೇಡು ತೀರಿಸಿಕೊಂಡಿತು. ಟ್ರ್ಯಾಕ್ಟರ್ ತಯಾರಿಸಿ ಶ್ರೀಮಂತನಾದ ಫೆರುಚ್ಚೊ ಲಂಬೊರ್ಗಿನಿ ತನ್ನ ಫೆರಾರಿಯ ಕ್ಲಚ್ಚಿನ ಬಗ್ಗೆ ದೂರಿ, ಅವಮಾನಕ್ಕೆ ಒಳಗಾಗಿ, 1963ರಲ್ಲಿ ಸ್ವಂತ ಕಾರು ಕಂಪನಿ ತೆರೆದನೆಂಬ ಕಥೆಯೂ ಪ್ರಸಿದ್ಧ. 1969ರಲ್ಲಿ ಫಿಯಟ್ ಅರ್ಧ ಪಾಲು ಕೊಂಡಿತು. ಓಟದ ವಿಭಾಗ ಮಾತ್ರ ಎಂಜೊ ಕೈಯಲ್ಲೇ ಉಳಿಯಿತು. ಆತನಿಗೆ ಬೇಕಾಗಿದ್ದುದೂ ಅಷ್ಟೇ.

ಎಂಜೊ ಫೆರಾರಿ 1988ರ ಆಗಸ್ಟ್ 14ರಂದು ಮೊದೆನಾದಲ್ಲಿ, 90ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದ. ಮೊದಲೇ ಏರುತ್ತಿದ್ದ ಬೆಲೆಗಳಿಗೆ ಆತನ ಸಾವು ಗಾಳಿ ಹಾಕಿತು. ಕಟ್ಟಿದವನೇ ಇಲ್ಲವೆಂದ ಮೇಲೆ ಆತನ ಕಾಲದ ಕಾರು ಇನ್ನು ಸಿಗದು ಎಂಬ ಲೆಕ್ಕ. ಆತನ ಕಣ್ಣೆದುರೇ 1987ರಲ್ಲಿ ಬಿಡುಗಡೆಯಾಗಿದ್ದ ಎಫ್ 40 ಕಾರು ಕೈಯಿಂದ ಕೈಗೆ ಪಟ್ಟಿಬೆಲೆಯ ಹಲವು ಪಟ್ಟು ಏರಿ ಮಾರಾಟವಾಯಿತು. ಜಪಾನಿನ ಹಣ ಹರಿದುಬಂತು, ಜಿಟಿಒ ಬೆಲೆ ಒಂದು ಕೋಟಿ ಡಾಲರು ದಾಟಿತು. ಆಮೇಲೆ ಗುಳ್ಳೆ ಒಡೆಯಿತು. 1990ರ ದಶಕದ ಮಧ್ಯಭಾಗದ ಹೊತ್ತಿಗೆ ಅದೇ ಜಿಟಿಒ ಹಿಂದಿನ ಬೆಲೆಯ ಅರ್ಧಕ್ಕಿಂತಲೂ ಬಹಳ ಕೆಳಕ್ಕೆ ಇಳಿದಿತ್ತು. ಕೆಲವು ನೂರು ಮಾತ್ರ ಎಂದುಕೊಂಡಿದ್ದ ಎಫ್ 40 ಕಾರುಗಳನ್ನು ಕಂಪನಿ 1,300ಕ್ಕೂ ಹೆಚ್ಚು ತಯಾರಿಸಿತು. ಹಳೆಯ ಯಜಮಾನನ ನೀತಿ ಮರೆತಂತಿತ್ತು.

ತೀರಾ ದುಬಾರಿ ಕೊಂಡವರು ಆಗ ಕಳೆದುಕೊಂಡದ್ದನ್ನು ಹರಾಜಿನ ಸುದ್ದಿಗಳು ಈಗ ನೆನಪಿಸುವುದಿಲ್ಲ. 2014ರಲ್ಲಿ ಒಂದು ಜಿಟಿಒ 3.81 ಕೋಟಿ ಡಾಲರಿಗೆ, 2018ರಲ್ಲಿ ಇನ್ನೊಂದು 4.84 ಕೋಟಿ ಡಾಲರಿಗೆ ಹೋಯಿತು ಎಂಬುದಷ್ಟೇ ಸುದ್ದಿಯಾಗುತ್ತದೆ. 2014ರ ಆ ಕಾರಿನಲ್ಲಿಯೇ ಒಲಿಂಪಿಕ್ ಸ್ಕೀಯಿಂಗ್ ಚಾಂಪಿಯನ್ ಆಂರಿ ಒರಿಯೆ 1962ರಲ್ಲಿ ಪ್ಯಾರಿಸ್ ಬಳಿಯ ಓಟದಲ್ಲಿ ಸತ್ತಿದ್ದ. 2015ರಲ್ಲಿ ಫ್ರಾನ್ಸಿನ ತೋಟವೊಂದರ ಶೆಡ್ಡಿನಲ್ಲಿ ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ದೂಳು ತಿನ್ನುತ್ತಿದ್ದ, ಒಂದು ಕಾಲಕ್ಕೆ ನಟ ಆಲೆನ್ ದೆಲೋನ್ ಓಡಿಸಿದ್ದ 250 ಜಿಟಿ ಕ್ಯಾಲಿಫೋರ್ನಿಯಾ ಕಾರಿಗೆ 1.63 ಕೋಟಿ ಯೂರೊ ಬಂತು. ಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಅಡಿಯಲ್ಲಿ ಏನಿದೆ ಎಂದು ನೋಡುವುದು ಒಳ್ಳೆಯದು.

ಇಷ್ಟಕ್ಕೇ ಫೆರಾರಿ ಎಂದರೆ ಬಂಗಾರ ಎಂದುಕೊಂಡವರಿಗೆ ಅದೇ ಮನೆಯ ಇತರ ಮಕ್ಕಳನ್ನು ತೋರಿಸಬೇಕು. 1960ರಿಂದ 1963ರವರೆಗೆ ತಯಾರಾದ 250 ಜಿಟಿಇ ನಾಲ್ಕು ಸೀಟಿನ ನಿಜವಾದ ಪ್ರವಾಸಿ ಕಾರು, ಜಿಟಿಒ ಮನೆತನದ್ದೇ ಎಂಜಿನು. 950ರಷ್ಟು ತಯಾರಾದವು, ಓಟ ಗೆಲ್ಲಲಿಲ್ಲ. ದಶಕಗಳ ಕಾಲ ಅವುಗಳಿಗೆ ಎಷ್ಟು ಕಡಿಮೆ ಬೆಲೆಯಿತ್ತೆಂದರೆ, ಎಷ್ಟೋ ಕಾರುಗಳನ್ನು ಬಿಚ್ಚಿ ಅವುಗಳ ಅಡಿಗಟ್ಟು, ಎಂಜಿನ್ ಬಳಸಿ ನಕಲಿ ಜಿಟಿಒಗಳನ್ನು ಕಟ್ಟಲಾಯಿತು. 1970 ಮತ್ತು 80ರ ದಶಕಗಳ ನಾಲ್ಕು ಸೀಟಿನ 400, 412 ಮಾದರಿಗಳು ಬಹುಕಾಲ ಅಗ್ಗದ ಫೆರಾರಿಗಳೆಂದೇ ಹೆಸರಾಗಿದ್ದವು. 1992ರಲ್ಲಿ ಬಂದ 456 ಜಿಟಿಗೂ ಅದೇ ಗತಿ. ಕಾರಣ ಗುಟ್ಟಿನದಲ್ಲ. ಹನ್ನೆರಡು ಸಿಲಿಂಡರಿನ ಎಂಜಿನ್ ಬಿಚ್ಚಿ ಜೋಡಿಸುವ ಖರ್ಚು ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ, ಎರಡನೆಯ ಮಾಲೀಕ ಆ ಲೆಕ್ಕ ಹಾಕಿಯೇ ಬೆಲೆ ಕೇಳುತ್ತಾನೆ. ನಕಲಿಗಳ ಕಾಟಕ್ಕೆ ಕಂಪನಿ 2006ರಲ್ಲಿ ಹಳೆಯ ಕಾರುಗಳ ಅಸಲಿತನಕ್ಕೆ ಪ್ರಮಾಣಪತ್ರ ನೀಡುವ ವಿಭಾಗವನ್ನೇ ತೆರೆಯಿತು. ಅಡಿಗಟ್ಟಿನ ಸಂಖ್ಯೆ, ಎಂಜಿನ್ ಸಂಖ್ಯೆ ಹುಟ್ಟಿದಾಗಿನವೇ ಆಗಿದ್ದರೆ ಬೆಲೆ ಒಂದು, ಬದಲಾಗಿದ್ದರೆ ಇನ್ನೊಂದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಆರ್‌ಸಿ ಪುಸ್ತಕ ತಿರುವಿ ನೋಡುವ ನಮ್ಮ ಬುದ್ಧಿಯೇ ಇದು, ಕೋಟಿಗಳ ಮಟ್ಟದಲ್ಲಿ.

ಭಾರತಕ್ಕೆ ಫೆರಾರಿ ಅಧಿಕೃತವಾಗಿ ಬಂದದ್ದು 2011ರಲ್ಲಿ. ಇಲ್ಲಿನ ಮಾಲೀಕರಿಗೆ ಯಂತ್ರದ ಬೆಲೆಗಿಂತ ಸುಂಕ, ತೆರಿಗೆಗಳದೇ ದೊಡ್ಡ ಹೊರೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಜೀವಾವಧಿ ತೆರಿಗೆಯೇ ಶೇ 18. 2025ರ ಜುಲೈನಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಮಹಾರಾಷ್ಟ್ರ ನೋಂದಣಿಯ ಫೆರಾರಿ ಎಸ್‌ಎಫ್ 90 ಕಾರೊಂದನ್ನು ತಡೆದಾಗ ಮಾಲೀಕರು ಕಟ್ಟಬೇಕಾಗಿ ಬಂದ ತೆರಿಗೆ ಸುಮಾರು 1.4 ಕೋಟಿ ರೂಪಾಯಿ. ಆ ಹಣ ಕಾರನ್ನು ಮಾರುವಾಗ ಪೂರ್ತಿ ಹಿಂದೆ ಬರುವಂಥದ್ದಲ್ಲ. ಅಡಿಕೆ ಧಾರಣೆ ಎಷ್ಟೇ ಏರಿದರೂ ಚನ್ನಗಿರಿಯ ಬೆಳೆಗಾರ ಒಂದು ಕ್ಷಣ ನಿಂತು ಯೋಚಿಸುವ ಮೊತ್ತವಿದು.

1961ರಲ್ಲಿ ಫಾರ್ಮುಲಾ ಒನ್ ವಿಶ್ವ ಪ್ರಶಸ್ತಿ ಗೆದ್ದ, ಶಾರ್ಕಿನ ಮೂತಿಯ 156 ಕಾರುಗಳನ್ನು ಎಂಜೊ ಕಾರ್ಖಾನೆ ಒಂದನ್ನೂ ಉಳಿಸದೆ ಗುಜರಿ ಮಾಡಿತು. 1947ರ ಮೊದಲ 125 ಎಸ್ ಕಾರುಗಳನ್ನು ಬಿಚ್ಚಿ ಭಾಗಗಳನ್ನು ಮುಂದಿನ ಕಾರುಗಳಿಗೆ ಹಾಕಲಾಯಿತು. ಆ ಮೊದಲ ಫೆರಾರಿಯೆಂದು ಈಗ ಪ್ರದರ್ಶನಗಳಲ್ಲಿ ಜನ ಸುತ್ತುವರಿದು ನೋಡುವುದು, ಬಹಳ ವರ್ಷಗಳ ನಂತರ ಕಾರ್ಖಾನೆಯೇ ಮತ್ತೆ ಕಟ್ಟಿದ ಪ್ರತಿ.